ಸ್ವೆಟರಿನ ತೂಕ

ಬಿಸಿ ಕಾಫಿಯ ಸ್ಟೀಲ್ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಅವರು ಹಾಗೇ ಕೂತಿರುತ್ತಿದ್ದರು. ಕುಡಿಯುತ್ತಿರಲಿಲ್ಲ. ಲೋಟವನ್ನು ಮೆಲ್ಲಗೆ ತಿರುಗಿಸುತ್ತ, ಒಮ್ಮೆ ಬೆರಳುಗಳ ಹಿಂಬದಿಗೆ, ಒಮ್ಮೆ ಮಣಿಕಟ್ಟಿಗೆ ತಾಗಿಸಿಕೊಳ್ಳುತ್ತಿದ್ದರು. ಆವಿ ಹತ್ತಿ ಕನ್ನಡಕ ಮಂಜಾದರೂ ಒರೆಸಿಕೊಳ್ಳುತ್ತಿರಲಿಲ್ಲ. ಉದ್ದನೆಯ ಬೆರಳುಗಳು, ಬಲಗೈ ತೋರುಬೆರಳಿನ ಗಿಣ್ಣು ಸ್ವಲ್ಪ ಊದಿಕೊಂಡದ್ದು, ಉಗುರುಗಳನ್ನು ಮಾಂಸದವರೆಗೂ ಕತ್ತರಿಸಿಕೊಂಡದ್ದು. ಕಾಫಿ ಪೂರ್ತಿ ತಣ್ಣಗಾದ ಮೇಲೆ ಔಷಧಿ ಕುಡಿದ ಹಾಗೆ ಒಂದೇ ಸಲಕ್ಕೆ ಮುಗಿಸಿ ಏಳುತ್ತಿದ್ದರು. ನನ್ನ ಕಾಫಿ ಇವರಿಗೆ ಹಿಡಿಸುವುದಿಲ್ಲ, ಮರ್ಯಾದೆಗೆ ಕುಡಿಯುತ್ತಾರೆ ಎಂದು ಮೊದಲ ಒಂದು ವರ್ಷ ನಾನು ಒಳಗೊಳಗೇ ಉರಿದುಕೊಂಡಿದ್ದೆ. ಕಾಫಿ ಸೀಮೆಯಲ್ಲಿ ಹುಟ್ಟಿ ಬೆಳೆದವಳ ಕಾಫಿಯನ್ನು ಹೀಗೆ ಮಾಡಿದರೆ ಯಾರಿಗೆ ತಾನೇ ಕೋಪ ಬಾರದು? ಆಮೇಲೆ ಗೊತ್ತಾಯಿತು, ಅವರು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ತಣ್ಣನೆಯ ಕೈಯಲ್ಲಿ ಎತ್ತಿದರೆ ಮಗು ಬೆಚ್ಚಿ ಮೈ ಬಿಗಿ ಹಿಡಿಯುತ್ತದೆ, ಬಿಗಿ ಹಿಡಿದ ಮಗುವಿನ ಭಾರ ಕೈಗೆ ಸರಿಯಾಗಿ ತಿಳಿಯುವುದಿಲ್ಲ ಎನ್ನುವುದು ಅವರ ನಂಬಿಕೆ.

ನಾನು ಪಾಲಿಬೆಟ್ಟ ಕಡೆಯ ಒಂದು ತೋಟದ ಕೂಲಿಯವರ ಲೈನ್ ಮನೆಗಳ ಪಕ್ಕ ಇರುವ ಅಂಗನವಾಡಿಯ ಕಾರ್ಯಕರ್ತೆ. ಲೈನಿನವರಿಗೆಲ್ಲ ಟೀಚರ್. ನನ್ನದೂ ಸೇರಿ ಸುತ್ತಲಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ಸರಕಾರಿ ಮೇಲ್ವಿಚಾರಕಿ ಅವರು. ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತದೆಯೇ, ಬೇಳೆಯಲ್ಲಿ ಹುಳ ಇದೆಯೇ, ಮೊಟ್ಟೆ ಮಕ್ಕಳ ಹೊಟ್ಟೆಗೆ ಹೋಗುತ್ತಿದೆಯೋ ಟೀಚರ ಮನೆಗೋ, ನೀರಿನ ಡ್ರಮ್ಮಿಗೆ ಮುಚ್ಚಳ ಇದೆಯೇ, ಎಲ್ಲ ನೋಡಿ ಬರೆದು ಮೇಲಿನವರಿಗೆ ಕಳಿಸುವುದು ಅವರ ಕೆಲಸ. ಎದುರಿಗೆ ನಾವು ಮೇಡಂ ಎನ್ನುತ್ತಿದ್ದೆವು. ಬೆನ್ನ ಹಿಂದೆ ‘ಎತ್ತೋ ಮೇಡಂ’. ಏಕೆಂದರೆ ಕೇಂದ್ರಕ್ಕೆ ಬಂದವರು ಪುಸ್ತಕ ಬಿಡಿಸುವ ಮೊದಲು ಒಂದೊಂದೇ ಮಗುವಿನ ಕಂಕುಳಿಗೆ ಕೈಕೊಟ್ಟು ಎತ್ತಿ, ಒಂದು ಗಳಿಗೆ ಹಿಡಿದು, ಇಳಿಸುತ್ತಿದ್ದರು. ಮಕ್ಕಳಿಗೆ ಅದೊಂದು ಆಟ. ಎತ್ತಿಸಿಕೊಂಡವರು ಹಿಂದಿನಿಂದ ಬಂದು ಮತ್ತೆ ಸಾಲು ಸೇರುತ್ತಿದ್ದರು. ಮೇಡಂ ಗೊತ್ತಿಲ್ಲದವರ ಹಾಗೆ ಎರಡನೇ ಸಲವೂ ಎತ್ತುತ್ತಿದ್ದರು.

ಅವರು ಯಾವ ದಿನ ಬರುತ್ತಾರೆಂದು ಹೇಳುತ್ತಿರಲಿಲ್ಲ. ಆದರೆ ನಮಗೂ ಕಣ್ಣು ಕಿವಿ ಇರುತ್ತದಲ್ಲ? ಗೋಣಿಕೊಪ್ಪಲು ಬಸ್ ನಿಲ್ದಾಣದ ಹತ್ತಿರ ನಮ್ಮವಳೊಬ್ಬಳ ಅಣ್ಣನ ಅಂಗಡಿ ಇತ್ತು. ಮೇಡಂ ಬಸ್ ಹತ್ತಿದ ಕೂಡಲೇ ಅವನು ತಂಗಿಗೆ ಫೋನು ಮಾಡುತ್ತಿದ್ದ. ಅವಳು ನಮ್ಮ ಗುಂಪಿಗೆ, ಮಳೆ ಬಂತೆನ್ನುವ ಹಾಗೆ, ‘ಬಟ್ಟೆ ಎತ್ಕೊಳ್ಳಿ’ ಎಂದು ವಾಟ್ಸಾಪ್ ಹಾಕುತ್ತಿದ್ದಳು. ಆಗ ಎಲ್ಲ ಕೇಂದ್ರಗಳಲ್ಲೂ ಒಟ್ಟಿಗೆ ಕಸ ಗುಡಿಸುವ ಸಂಭ್ರಮ. ಒಂದು ಬೇಸಿಗೆಯ ದಿನ, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಅವರು ನನ್ನ ಬಾಗಿಲಿಗೆ ಬಂದವರು ಕೊಡೆಯನ್ನು ಗೋಡೆಗೆ ಒರಗಿಸಿ, ಬಟ್ಟೆ ಎಲ್ಲ ಎತ್ಕೊಂಡ್ರಾ ಟೀಚರೇ ಎಂದು ಕೇಳಿದರು. ನನ್ನ ಮುಖ ಹೇಗಾಗಿತ್ತೋ ಏನೋ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಮುಂದಿನ ತಿಂಗಳಿಂದ ವಿರಾಜಪೇಟೆ ಕಡೆಯಿಂದ ಸುತ್ತಿ ಬರತೊಡಗಿದರು. ಅಣ್ಣನ ಅಂಗಡಿ ನಮಗೆ ಉಪಯೋಗಕ್ಕೆ ಬಾರದ ಹಾಗಾಯಿತು.

ಅವರು ಹೆಚ್ಚಾಗಿ ಬರುತ್ತಿದ್ದುದು ಮಧ್ಯಾಹ್ನ, ಮಕ್ಕಳು ಉಂಡು ಮಲಗಿದ ಹೊತ್ತಿನಲ್ಲಿ. ಆ ಮಧ್ಯಾಹ್ನಗಳನ್ನು ನೆನೆದರೆ ಈಗಲೂ ನನಗೆ ಕಣ್ಣು ಎಳೆಯುತ್ತದೆ. ನಮ್ಮದು ಒಂದೇ ಕೋಣೆ, ಪಕ್ಕಕ್ಕೆ ಅಡುಗೆಯ ಚಾವಡಿ. ಕಿಟಕಿಯಾಚೆ ಕಾಫಿ ಗಿಡಗಳು, ಅವುಗಳ ಮೇಲೆ ಎತ್ತರಕ್ಕೆ ಸಿಲ್ವರ್ ಮರಗಳು, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಮಂಜು ಕಿಟಕಿಯ ಸರಳುಗಳ ನಡುವೆ ಕೇಳದೆ ಒಳಗೆ ಬರುತ್ತಿತ್ತು. ಚಾಪೆಯ ಮೇಲೆ ಹದಿನೈದು ಹದಿನಾರು ಮಕ್ಕಳು ಅಡ್ಡಾದಿಡ್ಡಿ. ಎಚ್ಚರವಿರುವಾಗ ಒಬ್ಬ ಮಲಯಾಳದಲ್ಲಿ ಅಳುತ್ತಿದ್ದ, ಇನ್ನೊಬ್ಬಳು ತಮಿಳಿನಲ್ಲಿ ಜಗಳ ಕಾಯುತ್ತಿದ್ದಳು, ಅಸ್ಸಾಮಿನಿಂದ ಬಂದ ಕೂಲಿಯವರ ಮಕ್ಕಳು ನಮಗೆ ಯಾರಿಗೂ ತಿಳಿಯದ ಮಾತಿನಲ್ಲಿ ನೀರು ಕೇಳುತ್ತಿದ್ದವು. ನಿದ್ದೆ ಬಂದರೆ ಎಲ್ಲರದೂ ಒಂದೇ ಉಸಿರು. ಸಹಾಯಕಿ ಲೀಲಕ್ಕ ಪಾತ್ರೆ ತೊಳೆಯುವ ಸದ್ದು ಬಹಳ ದೂರದಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಆ ಹೊತ್ತಿನಲ್ಲಿ ಮೇಡಂ ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದು, ಮಕ್ಕಳ ನಡುವೆ ಇದ್ದ ಜಾಗದಲ್ಲಿ ತಾವೂ ಕೈ ಮಡಚಿ ತಲೆಗಿಟ್ಟುಕೊಂಡು ಮಲಗಿಬಿಡುತ್ತಿದ್ದರು. ಮೊದಲ ಸಲ ನೋಡಿದಾಗ ಲೀಲಕ್ಕ ಗಾಬರಿಯಾಗಿ, ಮೇಡಮ್ಮಿಗೆ ಎಂತದೋ ಆಯ್ತು ಎಂದು ನೀರು ತಂದಿದ್ದಳು. ಅವರು ಮಲಗಿಕೊಂಡೇ ನೋಡುತ್ತಿದ್ದರು. ಹಂಚಿನ ಸಂದಿ, ಜಂತಿಗೆ ಹಿಡಿದ ಗೆದ್ದಲು, ಕಿಟಕಿಯ ಕೆಳಗಿನ ಮೊಳೆ. ಕೆಲವು ಸಲ ನಿಜಕ್ಕೂ ನಿದ್ದೆ ಹೋಗುತ್ತಿದ್ದರು. ಯಾವುದಾದರೂ ಮಗು ನಿದ್ದೆಗಣ್ಣಲ್ಲಿ ಅಮ್ಮ ಎಂದುಕೊಂಡು ಅವರ ಸೆರಗಿನೊಳಗೆ ನುಗ್ಗುತ್ತಿತ್ತು. ನಾನು ಬಾಗಿಲ ಬಳಿ ಕೂತು ಅವರನ್ನೂ ಮಕ್ಕಳನ್ನೂ ನೋಡುತ್ತ, ತಪಾಸಣೆಗೆ ಬಂದವರು ಇವರೋ ಅಥವಾ ನಾನೇ ಇವರನ್ನು ಕಾಯುತ್ತಿದ್ದೇನೋ ಎಂದು ತಿಳಿಯದೆ ತೂಕಡಿಸುತ್ತಿದ್ದೆ.

ಒಂದು ಸಲ ಹಾಗೆ ಮಲಗಿ ಎದ್ದವರು, ನಾನು ಬಹಳ ಹೆಮ್ಮೆಯಿಂದ ಗೋಡೆಗೆ ಹಚ್ಚಿದ್ದ ಹಣ್ಣು ಹೂವಿನ ಚಿತ್ರಗಳನ್ನೆಲ್ಲ ಕೀಳಿಸಿದರು. ನನ್ನ ಎದೆಯ ಎತ್ತರಕ್ಕೆ ಹಚ್ಚಿದ್ದೆ. ನನ್ನನ್ನು ನೆಲದ ಮೇಲೆ ಕೂರಿಸಿ, ಇಲ್ಲಿಂದ ಏನು ಕಾಣ್ಸುತ್ತೆ ಹೇಳಿ ಎಂದರು. ಬರೀ ಸುಣ್ಣ ಬಳಿದ ಗೋಡೆ ಕಾಣಿಸಿತು. ಆ ಸಂಜೆಯೇ ಎಲ್ಲವನ್ನೂ ಮಂಡಿಯ ಮಟ್ಟಕ್ಕೆ ಇಳಿಸಿ ಅಂಟಿಸಿದೆ. ಮಕ್ಕಳು ಮರುದಿನವೇ ಮಾವಿನ ಹಣ್ಣನ್ನು ನೆಕ್ಕಿ ಹರಿದು ಹಾಕಿದವು. ನಾನು ಅದನ್ನೂ ದೂರಿನಂತೆ ಹೇಳಿದೆ, ಅವರಿಗೆ ಮಾತ್ರ ಬಹಳ ಖುಷಿಯಾಯಿತು.

ಅವರು ಶನಿವಾರಸಂತೆ ಕಡೆಯವರು. ಮಾತಿನಲ್ಲಿ ಹಾಸನದ ರಾಗ. ಸಿಟ್ಟು ಬಂದರೆ ದನಿ ಇನ್ನೂ ಸಣ್ಣದಾಗುತ್ತಿತ್ತು, ಕೇಳಲು ನಾವೇ ಬಾಗಬೇಕಿತ್ತು. ನಾವು ಹೂ ಕೊಟ್ಟರೆ ಮುಡಿಯುತ್ತಿರಲಿಲ್ಲ, ತೋಟದವರು ಕೊಟ್ಟ ಕಿತ್ತಳೆಯನ್ನು ಅಲ್ಲೇ ಬಿಡಿಸಿ ಮಕ್ಕಳಿಗೆ ಹಂಚುತ್ತಿದ್ದರು. ಸರಕಾರ ಅಂದ್ರೆ ನಾನಲ್ಲ, ನನ್ನ ಕಣ್ಣು ಅಷ್ಟೆ ಎಂದು ಆಗಾಗ ಹೇಳುತ್ತಿದ್ದರು. ದೊಡ್ಡ ಮಾತು ಆಡುತ್ತಾರೆ ಎಂದು ನಾವು ಹಿಂದಿನಿಂದ ನಗುತ್ತಿದ್ದೆವು.

ಈಗ ಮಳೆಗಾಲದ ಮಾತಿಗೆ ಬರುತ್ತೇನೆ.

ಪ್ರತಿ ತಿಂಗಳೂ ಮಕ್ಕಳನ್ನು ತೂಗಿ ಫೋನಿನಲ್ಲಿ ತುಂಬಬೇಕು. ವಯಸ್ಸಿಗೆ ಸರಿಯಾದ ತೂಕ ಇದ್ದರೆ ಮಗುವಿನ ಹೆಸರು ಹಸಿರಾಗುತ್ತದೆ, ಕಡಿಮೆಯಾದರೆ ಹಳದಿ, ತೀರಾ ಇಳಿದರೆ ಕೆಂಪು. ಜಂತಿಯ ಕೊಕ್ಕೆಗೆ ಗಡಿಯಾರದ ಮುಖದ ತಕ್ಕಡಿ ಸಿಕ್ಕಿಸಿ, ಅದಕ್ಕೆ ಚಡ್ಡಿಯಂಥ ಚೀಲ ಕಟ್ಟಿ, ಮಗುವನ್ನು ಅದರೊಳಗೆ ಇಳಿಸಿ ತೂಗುವುದು. ಬೇಸಿಗೆಯಲ್ಲಿ ತೊಂದರೆಯಿಲ್ಲ. ಆದರೆ ಆಷಾಢದ ಹೊತ್ತಿನ ಕಕ್ಕಡ ತಿಂಗಳ ಮಳೆ ಹಿಡಿದರೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ತಾಯಂದಿರು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಮಕ್ಕಳನ್ನು ಟೊಪ್ಪಿ, ಸ್ವೆಟರ್, ಅದರ ಮೇಲೊಂದು ಜರ್ಕಿನ್, ಕಾಲಿಗೆ ಎರಡು ಪ್ಯಾಂಟು, ಹೀಗೆ ಸುತ್ತಿ ತಂದು ಬಿಡುತ್ತಾರೆ. ಆ ಚಳಿಯಲ್ಲಿ ಅದನ್ನೆಲ್ಲ ಬಿಚ್ಚಿ ತೂಗುವುದೆಂದರೆ ಕಟುಕರ ಕೆಲಸ ಎಂದು ನನಗೆ ಅನ್ನಿಸುತ್ತಿತ್ತು. ನಾನು ಬಟ್ಟೆ ಸಮೇತ ತೂಗುತ್ತಿದ್ದೆ. ಎಲ್ಲ ಟೀಚರುಗಳೂ ಹಾಗೇ ಮಾಡುತ್ತಿದ್ದರು. ನನ್ನ ಕೇಂದ್ರದಲ್ಲಿ ಮಳೆಗಾಲದಲ್ಲಿ ಎಲ್ಲ ಹೆಸರುಗಳೂ ಹಸಿರು. ಅದನ್ನು ನೋಡಿ ಎಷ್ಟು ಬೀಗುತ್ತಿದ್ದೆ ನಾನು.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಅಸ್ಸಾಮಿನ ಒಂದು ಸಂಸಾರ ಲೈನಿಗೆ ಬಂದಿತ್ತು. ಅವರಿಗೆ ಎರಡು ವರ್ಷದ ಒಂದು ಹೆಣ್ಣು ಮಗು. ಅಮ್ಮ ಮೈನಾ ಎಂದು ಕರೆಯುತ್ತಿದ್ದಳು, ಅದು ಮುದ್ದಿನ ಹೆಸರೋ ಇಟ್ಟ ಹೆಸರೋ ನನಗೆ ಕೊನೆಗೂ ತಿಳಿಯಲಿಲ್ಲ. ಬಂದ ಹೊಸತರಲ್ಲಿ ಮಗುವಿಗೆ ಭೇದಿಯಾಗಿ ವಾಸಿಯಾಯಿತು. ಆಮೇಲೆ ನಮ್ಮ ಅನ್ನ ಸಾರು ಅದಕ್ಕೆ ಸೇರಲಿಲ್ಲ. ಬಾಯಿಗೆ ಇಟ್ಟದ್ದು ಹಾಗೇ ಗಲ್ಲದ ಮೇಲೆ ಇಳಿಯುತ್ತಿತ್ತು. ಆದರೆ ಅಳುತ್ತಿರಲಿಲ್ಲ. ಹಟವಿಲ್ಲ, ಜಗಳವಿಲ್ಲ. ಕೂರಿಸಿದಲ್ಲಿ ಕೂತು, ಕಿಟಕಿಯಿಂದ ಬರುವ ಮಂಜನ್ನು ನೋಡುತ್ತ, ಹಾಗೇ ನಿದ್ದೆ ಹೋಗುತ್ತಿತ್ತು. ಉಳಿದವರು ಎದ್ದು ಆಡತೊಡಗಿದರೂ ಅದು ಮಲಗಿಯೇ ಇರುತ್ತಿತ್ತು. ಎಂಥ ಒಳ್ಳೆ ಮಗು, ಎಷ್ಟು ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ನಾನು ಅದರ ಅಮ್ಮನಿಗೆ ಕೈ ಬಾಯಿ ಮಾಡಿ ಹೇಳಿದ್ದೆ. ಆಕೆ ಸಂತೋಷಪಟ್ಟಿದ್ದಳು.

ಆ ತಾಯಿಗೆ ಕನ್ನಡ ಬರುತ್ತಿರಲಿಲ್ಲ. ಬೆಳಗ್ಗೆ ಮಗುವನ್ನು ಕೊಡುವಾಗ ‘ಟೀಚರ್, ಬೇಬಿ ಥಂಡಾ, ಥಂಡಾ’ ಎನ್ನುತ್ತಿದ್ದಳು. ಕೊಡಗಿನ ಮಳೆಯಲ್ಲಿ ಥಂಡಾ ಆಗದೆ ಇನ್ನೇನಾಗುತ್ತದೆ ಎಂದುಕೊಂಡು ನನ್ನ ಮಗನಿಗೆ ಚಿಕ್ಕದಾಗಿದ್ದ ದಪ್ಪ ಉಣ್ಣೆಯ ಸ್ವೆಟರೊಂದನ್ನು ತಂದು ಕೊಟ್ಟೆ. ಆಕೆ ನನ್ನ ಕೈ ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಆ ತಿಂಗಳೂ ಮೈನಾಳ ತೂಕ ಹಿಂದಿನಷ್ಟೇ ಬಂತು, ಹೆಸರು ಹಸಿರಾಯಿತು.

ಮೇಡಂ ಎರಡು ತಿಂಗಳು ಬಂದಿರಲಿಲ್ಲ. ದಾರಿಯಲ್ಲಿ ಮರ ಬಿದ್ದು ಬಸ್ ನಿಂತಿತ್ತು, ಮಧ್ಯೆ ಕಚೇರಿಯ ಬೇರೆ ಕೆಲಸಕ್ಕೂ ಅವರನ್ನು ಹಾಕಿದ್ದರು. ನಾವು ಕಳಿಸಿದ ತೂಕಗಳ ಪಟ್ಟಿಗೆ ಅಲ್ಲಿಂದಲೇ ಸಹಿ ಹಾಕಿದ್ದರು. ಮೂರನೇ ತಿಂಗಳು ಒಂದು ಮಧ್ಯಾಹ್ನ, ಸೀರೆಯ ಅಂಚು ಕೆಸರಾಗಿ, ಕಾಲಿಗೆ ಜಿಗಣೆ ಹತ್ತಿಸಿಕೊಂಡು ಬಂದರು. ನಾನು ಕಾಫಿ ಕೊಟ್ಟೆ. ಲೋಟ ಹಿಡಿದು ಕೂತರು. ಮಕ್ಕಳು ಎದ್ದು ಸಾಲು ನಿಂತವು. ಮೈನಾ ಮಲಗಿತ್ತು. ಎಲ್ಲರನ್ನೂ ಎತ್ತಿ ಇಳಿಸಿದ ಮೇಲೆ ಅವರು ಚಾಪೆಯ ಹತ್ತಿರ ಹೋಗಿ ಅದನ್ನು ಎತ್ತಿದರು. ಇಳಿಸಿದರು. ಮತ್ತೆ ಎತ್ತಿ, ಈ ಸಲ ಕಣ್ಣು ಮುಚ್ಚಿಕೊಂಡು ಎದೆಗೆ ಒರಗಿಸಿಕೊಂಡು ನಿಂತರು. ಹೊರಗೆ ಜೋರು ಮಳೆ. ಅವರು ಹಾಗೆ ಎಷ್ಟು ಹೊತ್ತು ನಿಂತಿದ್ದರು ಎಂದು ಹೇಳಲಾರೆ. ನನಗೆ ಅದು ಬಹಳ ಹೊತ್ತು.

ಕಿಟಕಿ ಬಾಗಿಲು ಮುಚ್ಚಿಸಿದರು. ಲೀಲಕ್ಕನಿಂದ ಒಲೆಯ ಕೆಂಡ ತರಿಸಿ ಕೋಣೆಯ ಮೂಲೆಯಲ್ಲಿ ಇಡಿಸಿದರು. ಕೋಣೆ ಬೆಚ್ಚಗಾಗುವವರೆಗೂ ಮಗುವನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದರು. ಆಮೇಲೆ ಒಂದೊಂದೇ ಬಿಚ್ಚಿದರು. ಟೊಪ್ಪಿ, ಜರ್ಕಿನ್, ನಾನು ಕೊಟ್ಟ ಸ್ವೆಟರ್, ಅದರ ಒಳಗೆ ಇನ್ನೊಂದು ಸ್ವೆಟರ್, ಅದರ ಒಳಗೆ ದೊಡ್ಡವರ ಬನಿಯನ್ ಮಡಚಿ ಹೊಲಿದದ್ದು, ಹೊಟ್ಟೆಗೆ ಸುತ್ತಿದ ಟವೆಲ್. ಬಾಳೆಹೂ ಬಿಡಿಸಿದ ಹಾಗೆ ಬಿಡಿಸುತ್ತ ಹೋದರು, ಕೊನೆಗೆ ಕೈಗೆ ಸಿಕ್ಕಿದ್ದು ಎಷ್ಟು ಸಣ್ಣದು. ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಕುಂಡೆಯ ಚರ್ಮ ಸುಕ್ಕಾಗಿ ಜೋತಿತ್ತು. ಮಗು ಅಳಲಿಲ್ಲ. ಕೆಂಡದ ಕಡೆ ನೋಡಿತು.

ತೂಗಿದರು. ಮುಳ್ಳು ಎಂಟಕ್ಕೂ ಮುಟ್ಟಲಿಲ್ಲ. ಆಮೇಲೆ ಅವರು ಮಾಡಿದ ಕೆಲಸ ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಮಗುವನ್ನು ಲೀಲಕ್ಕನ ಮಡಿಲಿಗೆ ಕೊಟ್ಟು, ಬಿಚ್ಚಿದ ಬಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿ ಅದನ್ನೂ ತೂಗಿದರು. ಮಳೆಯ ತೇವ ಹೀರಿದ ಉಣ್ಣೆ. ಒಂದೂವರೆ ಕಿಲೋ ದಾಟಿತು.

ಆಗ ನನಗೆ ಅರ್ಥವಾಯಿತು. ಮಗು ಕರಗಿದ ಹಾಗೆ ಅದಕ್ಕೆ ಚಳಿ ಹೆಚ್ಚಾಗಿದೆ. ಚಳಿ ಹೆಚ್ಚಾದ ಹಾಗೆ ಅಮ್ಮ ಒಂದೊಂದು ಬಟ್ಟೆ ಹೆಚ್ಚು ತೊಡಿಸಿದ್ದಾಳೆ. ಒಳಗೆ ಇಳಿದದ್ದೆಲ್ಲ ಹೊರಗಿನಿಂದ ತುಂಬಿ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿದೆ. ಅದಕ್ಕೆ ನಾನೂ ಒಂದು ಸ್ವೆಟರ್ ಸೇರಿಸಿದ್ದೇನೆ. ತಿಂಗಳುಗಟ್ಟಲೆ ನಾನು ತೂಗಿ, ಬರೆದು, ಹಸಿರು ಮಾಡಿ ಕಳಿಸಿದ್ದು ಮೈನಾಳನ್ನಲ್ಲ. ಅಮ್ಮ ಹೇಳಿದ ‘ಥಂಡಾ’ ಮಳೆಯ ಮಾತಾಗಿರಲಿಲ್ಲ. ಮಗುವಿನ ಮೈಯೇ ತಣ್ಣಗಿದೆ ಎಂದು ಆ ತಾಯಿ ದಿನವೂ ನನಗೆ ಹೇಳುತ್ತಿದ್ದಳು.

ನಾನು ಅಳಲು ಶುರುಮಾಡಿದೆ. ಮಗುವಿಗಾಗಿ ಅತ್ತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಮಗುವಿಗಾಗಿ, ಅರ್ಧ ನನಗಾಗಿ. ಗಂಡನ ಬೆನ್ನು ನೋವಿನಿಂದ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ ಆಗಿದ್ದೆ. ಇಂಥ ತಪ್ಪಿಗೆ ನಮ್ಮಂಥವರನ್ನು ತೆಗೆದುಹಾಕಲು ಒಂದು ಕಾಗದ ಸಾಕು. ತಕ್ಕಡಿ ಹಳೆಯದು, ಮುಳ್ಳು ಅಂಟಿಕೊಳ್ಳುತ್ತಿತ್ತು ಎಂದು ಬರೆಯಿರಿ ಮೇಡಂ ಎಂದು ಅವರ ಕೈ ಹಿಡಿದು ಕೇಳಿದೆ. ಬರೆದಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲ, ಆ ತಕ್ಕಡಿ ನೋಡಲು ಹಾಗೇ ಇತ್ತು. ಅವರು ನನ್ನ ಕೈ ಬಿಡಿಸಿಕೊಳ್ಳಲಿಲ್ಲ. ದನಿ ಮಾತ್ರ ಬಹಳ ಸಣ್ಣದಾಯಿತು.

“ತಕ್ಕಡಿ ಕೆಟ್ಟಿದೆ ಅಂತ ಬರೆದ್ರೆ ಹೊಸ ತಕ್ಕಡಿ ಕೊಡ್ತಾರೆ ಟೀಚರೇ. ಅದರಲ್ಲೂ ನೀವೆಲ್ಲ ಸ್ವೆಟರನ್ನೇ ತೂಗ್ತೀರಿ.”

ಅಲ್ಲೇ ನೆಲದ ಮೇಲೆ ಕೂತು ವರದಿ ಬರೆದರು. ಬರೆದದ್ದನ್ನು ಓದಿ ಹೇಳಿದರು. ಎರಡು ತಿಂಗಳು ನಾನು ಕೇಂದ್ರಕ್ಕೆ ಬಾರದೆ, ಮಕ್ಕಳನ್ನು ನೋಡದೆ ಸಹಿ ಹಾಕಿದ್ದೇನೆ ಎನ್ನುವುದು ಮೊದಲ ಸಾಲು. ಕಾರ್ಯಕರ್ತೆ ಬಟ್ಟೆ ಸಮೇತ ತೂಗಿದ್ದಾರೆ ಎನ್ನುವುದು ಎರಡನೆಯದು. ಬೇರೆ ಕೇಂದ್ರಗಳಲ್ಲೂ ಇದೇ ರೂಢಿ ಇರುವಂತಿದೆ, ಕೂಡಲೇ ಎಲ್ಲ ಮಕ್ಕಳನ್ನೂ ಬೆಚ್ಚನೆಯ ಕೋಣೆಯಲ್ಲಿ ಬಟ್ಟೆ ಬಿಚ್ಚಿ ಮತ್ತೆ ತೂಗಬೇಕು ಎನ್ನುವುದು ಮೂರನೆಯದು. ನನಗೆ ಮೊದಲ ಸಾಲು ಕೇಳಿಸಲೇ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಎರಡನೆಯದೊಂದೇ.

ಮೈನಾಳನ್ನು ಮಡಿಕೇರಿಯ ಆಸ್ಪತ್ರೆಗೆ ಸೇರಿಸಬೇಕು, ತಾಯಿ ಎರಡು ವಾರ ಜೊತೆಗೆ ಇರಬೇಕು. ತೋಟದ ಮೇಸ್ತ್ರಿ ಅಡ್ಡ ನಿಂತ. ಕೆಲಸಕ್ಕೆ ಬಾರದವರಿಗೆ ಲೈನಿನಲ್ಲಿ ಮನೆ ಇಲ್ಲ, ಬೇರೆಯವರು ಕಾಯುತ್ತಿದ್ದಾರೆ ಎಂದ. ಮೇಡಂ ಜಗಳವಾಡಲಿಲ್ಲ. ಅವನ ಪೂರ್ತಿ ಹೆಸರು, ತಂದೆಯ ಹೆಸರು, ಊರು ಕೇಳಿ ಬರೆದುಕೊಂಡು, ಮಗುವನ್ನು ಆಸ್ಪತ್ರೆಗೆ ಕಳಿಸಲು ನೀವು ಒಪ್ಪಲಿಲ್ಲ ಎಂದು ಬರೆಯುತ್ತೇನೆ, ಸಹಿ ಮಾಡಿ ಎಂದು ಪೆನ್ನು ಅವನ ಮುಂದೆ ಹಿಡಿದರು. ಅವನು ಪೆನ್ನನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ತೋಟದ ಜೀಪು ಕರೆಸಿದ. ಮಳೆಯಲ್ಲಿ ಆ ಜೀಪು ಹೋದದ್ದು ನೆನಪಿದೆ. ಹಿಂದಿನ ಸೀಟಿನಲ್ಲಿ ತಾಯಿ, ಪಕ್ಕದಲ್ಲಿ ಮೇಡಂ, ಮಗು ಯಾರ ಮಡಿಲಲ್ಲಿತ್ತೋ ಕಾಣಲಿಲ್ಲ. ಮಂಜು ಮುಚ್ಚಿಕೊಂಡಿತು.

ಮಗು ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರಂತೆ. ಬೇರೆ ಕೇಂದ್ರಗಳಲ್ಲಿ ಮತ್ತೆ ತೂಗಿದಾಗ ಇನ್ನೂ ಕೆಲವು ಹೆಸರುಗಳು ಹಸಿರಿನಿಂದ ಹಳದಿಗೆ ಬಂದವು, ಒಂದೆರಡು ಕೆಂಪಿಗೆ. ಟೀಚರುಗಳು ನನ್ನ ಮೇಲೂ ಮೇಡಂ ಮೇಲೂ ಸಿಟ್ಟಾದರು. ವಾಟ್ಸಾಪ್ ಗುಂಪಿನಲ್ಲಿ ನನ್ನ ಜೊತೆ ಮಾತು ಬಿಟ್ಟರು. ನಾನು ಮೇಡಂ ಜೊತೆ ಮಾತು ಬಿಟ್ಟೆ. ತಾನು ಸತ್ಯವಂತೆ ಅನ್ನಿಸಿಕೊಳ್ಳಲು ನನ್ನ ಅನ್ನಕ್ಕೆ ಕಲ್ಲು ಹಾಕಿದಳು ಎಂದು ಮನೆಯಲ್ಲಿ ಏಕವಚನದಲ್ಲಿ ಬೈದೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ವಿಚಾರಣೆಗೆ ಕಚೇರಿಗೆ ಕರೆದರು. ಅಧಿಕಾರಿ ಒಳ್ಳೆಯ ಮನುಷ್ಯ, ನನ್ನನ್ನು ಕೂರಲು ಹೇಳಿದರು. ಮೇಡಂ ಪಕ್ಕದ ಕುರ್ಚಿಯಲ್ಲಿ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. ಬಟ್ಟೆ ಬಿಚ್ಚಿಸಿ ತೂಗಬೇಕು ಎಂದು ಮೇಲ್ವಿಚಾರಕಿ ನಿಮಗೆ ಯಾವಾಗಲಾದರೂ ಹೇಳಿಕೊಟ್ಟಿದ್ದಾರೆಯೇ? ಹೌದೆಂದರೆ ತಪ್ಪು ನನ್ನದು, ಕೆಲಸ ಹೋಗುತ್ತದೆ. ಇಲ್ಲವೆಂದರೆ ತಪ್ಪು ಅವರದು.

ಅವರು ಹೇಳಿಕೊಟ್ಟಿದ್ದರು. ಆ ಬೇಸಿಗೆಯಲ್ಲೇ, ಗೋಣಿಕೊಪ್ಪಲಿನ ಸಭೆಯಲ್ಲಿ, ಫ್ಯಾನಿನ ಕೆಳಗೆ ಕೂತು ನಾವೆಲ್ಲ ಬೆವರುತ್ತಿದ್ದಾಗ. ಮಳೆಗಾಲ ಬರುತ್ತೆ, ಮರೀಬೇಡಿ, ಕೆಂಡ ಇಟ್ಟು ಕೋಣೆ ಬೆಚ್ಚಗೆ ಮಾಡಿ, ಆಮೇಲೆ ಬಟ್ಟೆ ಬಿಚ್ಚಿಸಿ ಎಂದು ಎರಡು ಸಲ ಹೇಳಿದ್ದರು. ನಾನು ಎರಡನೇ ಸಾಲಿನಲ್ಲಿ ಕೂತು ಪಕ್ಕದವಳ ಹೊಸ ಬಳೆ ನೋಡುತ್ತಿದ್ದೆ. ಆದರೆ ಕಿವಿ ಕೇಳಿತ್ತು. ಆಕೆಯ ಬಳೆಯ ಬಣ್ಣ, ಫ್ಯಾನಿನ ಕಿರ್ ಕಿರ್ ಸದ್ದು, ಮೇಡಮ್ಮಿನ ಮಾತು, ಎಲ್ಲವೂ ಇವತ್ತಿಗೂ ಹಾಗ್ಹಾಗೇ ಇದೆ. ಆ ದಿನಗಳ ಉಳಿದದ್ದೆಲ್ಲ ಮಂಜಿನಲ್ಲಿ ಕಂಡ ಹಾಗೆ, ಅದೊಂದು ಮಾತ್ರ ಬಿಸಿಲಿನಲ್ಲಿದೆ.

“ನೆನಪಿಲ್ಲ ಸಾರ್” ಎಂದೆ.

ಅಧಿಕಾರಿ ಮೇಡಮ್ಮಿನ ಕಡೆ ತಿರುಗಿ, ನೀವು ಹೇಳಿದ್ದಿರಾ ಎಂದು ಕೇಳಿದರು. ಸಭೆಯ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಇತ್ತು. ಪುಸ್ತಕ ಅದೇ ಕೋಣೆಯ ಬೀರುವಿನಲ್ಲಿತ್ತು. ತೆಗೆಸಿ ತೋರಿಸಲು ಅವರಿಗೆ ಎರಡು ನಿಮಿಷ ಸಾಕಿತ್ತು. ಅವರು ನನ್ನ ಕಡೆ ನೋಡಲೂ ಇಲ್ಲ.

“ಹೇಳಿದ್ದು ಸಾಲಲಿಲ್ಲ ಸಾರ್. ಮಳೆಗಾಲದಲ್ಲಿ ಬಂದು ನೋಡಬೇಕಾಗಿತ್ತು. ನೋಡೋದೇ ನನ್ನ ಕೆಲಸ.”

ನನಗೆ ಎಚ್ಚರಿಕೆಯ ಕಾಗದ ಬಂತು, ಅಷ್ಟೆ. ಅವರ ಬಡ್ತಿ ನಿಂತಿತು. ಅವರಿಗಿಂತ ಚಿಕ್ಕವರು ಮೇಲಕ್ಕೆ ಹೋದರು, ಅವರು ಅದೇ ಕೊಡೆ ಹಿಡಿದು ಅದೇ ತೋಟಗಳ ದಾರಿಯಲ್ಲಿ ನಡೆದರು. ಮುಂದಿನ ತಿಂಗಳು ನನ್ನ ಕೇಂದ್ರಕ್ಕೆ ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು ಏನೂ ಆಗದವರ ಹಾಗೆ ಮಕ್ಕಳ ನಡುವೆ ಮಲಗಿ ಹಂಚು ನೋಡಿದರು. ಮೈನಾ ಆಗ ವಾಪಸು ಬಂದಿತ್ತು, ಗಲ್ಲ ತುಂಬಿ, ಎಲ್ಲರ ಜುಟ್ಟು ಹಿಡಿದು ಎಳೆಯುವಷ್ಟು ಪೋಕರಿಯಾಗಿತ್ತು. ಮಧ್ಯಾಹ್ನ ಮಲಗಿಸಲು ಹರಸಾಹಸ. ಕಾಫಿ ಕೊಯ್ಲು ಮುಗಿದ ಮೇಲೆ ಆ ಸಂಸಾರ ಊರಿಗೆ ಹೋಯಿತು. ಈಗ ಆ ಹುಡುಗಿ ಎಲ್ಲಿದ್ದಾಳೋ, ಯಾವ ಭಾಷೆಯಲ್ಲಿ ಕನಸು ಕಾಣುತ್ತಾಳೋ ಗೊತ್ತಿಲ್ಲ. ಇದ್ದಾಳೆ, ನನಗೆ ಅದು ಸಾಕು.

ನಿವೃತ್ತಿಯವರೆಗೂ ಮೇಡಂ ನನ್ನ ಕೇಂದ್ರಕ್ಕೆ ಬಂದರು, ನನ್ನ ತಪ್ಪುಗಳನ್ನು ಬರೆದರು, ನಾನು ತಿದ್ದಿಕೊಂಡೆ. ಆ ದಿನದ ಮಾತು ನಮ್ಮ ನಡುವೆ ಒಮ್ಮೆಯೂ ಬರಲಿಲ್ಲ. ಎಷ್ಟೋ ಸಲ ಹೇಳಬೇಕೆಂದು ಬಾಯಿ ತೆರೆದೆ. ಮಕ್ಕಳು ಮಲಗಿರುತ್ತಿದ್ದವು, ಎದ್ದುಬಿಟ್ಟಾವು ಎಂದು ಸುಮ್ಮನಾದೆ. ನೆಪ ಹುಡುಕುವವಳಿಗೆ ಏನಾದರೂ ಸಾಕು.

ಹೋದ ವರ್ಷ ಅವರಿಗೆ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾರೆ ಎಂದು ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಎರಡು ಬಸ್ ಬದಲಿಸಿ ಶನಿವಾರಸಂತೆಗೆ ಹೋದೆ. ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ, ನಾನು ನೋಡಿದ್ದು ಅದೇ ಕೊನೆ. ಮಗಳು ಒಳಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಬೆಳಕು ಹಾಸಿಗೆಯ ಮೇಲೆ ಬಿದ್ದಿತ್ತು. ಕಣ್ಣು ಮುಚ್ಚಿ ಮಲಗಿದ್ದರು. ಎಚ್ಚರವಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಅದೇ ಒಳ್ಳೆಯದಾಯಿತು ನನಗೆ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತುಗಳೆಲ್ಲ ಮರೆತುಹೋಗಿದ್ದವು. ಮಂಚದ ಪಕ್ಕ ನೆಲದ ಮೇಲೆ ಕೂತು, ಅವರ ಕಿವಿಯ ಹತ್ತಿರ ಬಾಗಿ, ಅಷ್ಟನ್ನೇ ಹೇಳಿದೆ.

“ಮೇಡಂ, ಅವತ್ತು ನನಗೆ ನೆನಪಿತ್ತು.”

ಕಣ್ಣು ತೆರೆಯಲಿಲ್ಲ. ಮಗಳು ಅಡುಗೆಮನೆಗೆ ಹೋದಳು. ನಾನು ಅಳುತ್ತಿದ್ದೆ. ಆಮೇಲೆ ಆ ಸಣ್ಣ ದನಿ ಬಂತು, ಕೇಳಲು ಇನ್ನೂ ಬಾಗಬೇಕಾಯಿತು.

“ಗೊತ್ತು ಕಣಮ್ಮ. ಇವತ್ತು ಬುಧವಾರ ಅಲ್ವಾ? ಮಕ್ಕಳ ಹತ್ರ ಯಾರಿದ್ದಾರೆ?”

ಲೀಲಕ್ಕ ಇದ್ದಾಳೆ ಎಂದೆ.

“ಒಬ್ಬಳೇನಾ?”

ಕಣ್ಣು ಒರೆಸಿಕೊಂಡು ಎದ್ದು, ಒಂದೂವರೆ ಗಂಟೆಯ ಬಸ್ಸಿಗೆ ಹೊರಟೆ.